ಒಂದೇ ಪದ ಹಿಡಿಸುವ ಖಾನೆ

ಕೂತ್ಕೋ ಸೆವೆರಿನ್, ಆ ಪೆಟ್ಟಿಗೆಯ ಮೇಲೆ ಬೇಡ,
ಅದರಲ್ಲಿ ರಾಜರ ಕಿರೀಟಗಳಿವೆ, ಎಲ್ಲ ರಟ್ಟು.
ಈ ಸಲ ವಿಸ್ತುಲಾ ನೆಲಮನೆಗೆ ನುಗ್ಗಿ
ಮೂವತ್ತೊಂಬತ್ತು ನಾಟಕಗಳ ಬಟ್ಟೆಬರೆ
ಅಟ್ಟ ಹತ್ತಿದೆ. ನಿನ್ನ ಪುರಸಭೆ
ಪಟ್ಟಿಯೊಂದನ್ನು ಕೊಟ್ಟು ನಿನ್ನನ್ನು ಹತ್ತಿಸಿದೆ:
ಹೆಸರು, ಶತಮಾನ, ಉಡುಪೆಷ್ಟು, ವರ್ಗ.
ವರ್ಗದ ಖಾನೆ ನನ್ನ ಹೆಬ್ಬೆರಳಿನಷ್ಟಗಲ.
ದುರಂತಕ್ಕೆ ಕೆಂಪು ಚೀಟಿ, ಪ್ರಹಸನಕ್ಕೆ ಹಳದಿ,
ಉಳಿದದ್ದಕ್ಕೆಲ್ಲ ಬೂದಿ.

ಈ ನಾಟಕದ ಸರದಿ ಬಂದದ್ದೇ ತಡ
ಕೆಂಪು ಚೀಟಿ ನೆಕ್ಕಿಬಿಟ್ಟೆ.
ತಾಳು, ನಾಲಿಗೆ ಒಳಗೆ ಹಾಕು.

ಕಥೆ ನಿನಗೆ ಗೊತ್ತಿರುವುದೇ, ಶಾಲೆಯಲ್ಲಿ ಓದಿಸಿರುತ್ತಾರೆ.
ಈ ದಡದಲ್ಲಿ ಉಪ್ಪಿನ ವ್ಯಾಪಾರಿಯ ಮಗಳು,
ಆ ದಡದಲ್ಲಿ ಗಂಟೆ ಎರಕ ಹೊಯ್ಯುವವನ ಮಗ.
ಮನೆಗಳೆರಡು, ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ಒಬ್ಬ ಕುಡುಕ ಅಂಬಿಗ.
ಕೊನೆಗೆ ಎರಡು ಹೆಣ. ಬರೆ, ದುರಂತ.
ಮೇಷ್ಟ್ರು ಬರೆಸಿದ್ದೂ ಅದನ್ನೇ.

ನಾನು ಮೂವತ್ತನಾಲ್ಕು ವರ್ಷ
ಪಕ್ಕದ ಪರದೆಯ ಹಿಂದೆ ಸೂಜಿ ಹಿಡಿದು ನಿಂತವಳು.
ಜನ ಎಲ್ಲಿ ನಗುತ್ತಾರೆಂದು ನನ್ನ ಬೆರಳಿಗೆ ಗೊತ್ತು:
ನಕ್ಕರೆ ಹಲಗೆ ಅದುರುತ್ತದೆ, ಸೂಜಿ ಚುಚ್ಚುತ್ತದೆ.
ಎರಡನೆಯ ಅಂಕದಲ್ಲಿ ಏಳು ಸಲ ಚುಚ್ಚುತ್ತಿತ್ತು.
ಬೋನಿಫಾತ್ಸಿ ಅಂಬಿಗನಾಗಿ ತೂರಾಡುತ್ತ ಬಂದು
ಹುಟ್ಟನ್ನು ತಲೆಕೆಳಗೆ ಹಿಡಿದು ಕೇಳುತ್ತಿದ್ದ:
"ಎಣ್ಣೆ ದೀಪಕ್ಕೆ ಹಾಕಿದೆನೋ, ನನಗೇ ಹಾಕಿದೆನೋ?"
ಮೇಲಿನ ಸಾಲಿನ ಸಕ್ಕರೆ ಕಾರ್ಖಾನೆಯವರು
ಮುಂದಿನ ಕುರ್ಚಿ ಒದ್ದು ಒದ್ದು ನಗುತ್ತಿದ್ದರು.

ಐದನೆಯ ಅಂಕ. ಅದೇ ಅಂಬಿಗ, ಅದೇ ಹುಟ್ಟು,
ಮಾತೂ ಅದೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ:
"ಎಣ್ಣೆ ದೀಪಕ್ಕೆ ಹಾಕಿದೆನೋ, ನನಗೇ ಹಾಕಿದೆನೋ?"
ಅಷ್ಟು ಹೊತ್ತಿಗೆ ಆಚೆ ದಡದ ಹುಡುಗ
ದೀಪ ಕಾಣದೆ, ಅವಳಿಲ್ಲವೆಂದೇ ತಿಳಿದು,
ಹೊಳೆಗಿಳಿದಾಗಿದೆ.
ಹಲಗೆ ಅದುರುವುದಿಲ್ಲ. ಸೂಜಿ ಸುಮ್ಮನಿರುತ್ತದೆ.
ಹೇಳು, ಆ ಮಾತನ್ನು ಯಾವ ಪೆಟ್ಟಿಗೆಯಲ್ಲಿಡಲಿ?

ಒಂದೇ ಒಂದು ಸಲ, ಹಿಮ ಬಿದ್ದ ಭಾನುವಾರ,
ಎರಡನೆಯ ಸಾಲಿನಲ್ಲಿ ಮಗುವೊಂದು ಅಲ್ಲೂ ನಕ್ಕಿತು.
ಬೋನಿಫಾತ್ಸಿ ಬಣ್ಣ ಅಳಿಸದೆ ಬಹಳ ಹೊತ್ತು ಕೂತಿದ್ದ.
"ಬಿಡು ಝೀತಾ, ಅದಕ್ಕಿನ್ನೂ ಎರಡನೆಯ ಅಂಕ" ಅಂದ.

ವಾರ್ಸಾದಿಂದ ಪಂಡಿತರೊಬ್ಬರು ಬಂದಿದ್ದರು,
ವಿಧಿಯ ದುರಂತವೋ, ಸ್ವಭಾವದ ದುರಂತವೋ ಎಂದು
ಎರಡು ಲೋಟ ಚಹಾ ಆರುವ ತನಕ ಮಾತಾಡಿದರು.
ನನ್ನ ಕೇಳಲಿಲ್ಲ. ಕೇಳಿದ್ದರೆ ಈ ಲಂಗ ತೋರಿಸುತ್ತಿದ್ದೆ.
ನಮ್ಮದು ಬಡ ಕಂಪನಿ, ಹುಡುಗಿಗೆ ಒಂದೇ ಉಡುಪು:
ಹೊರಮೈ ಮದುವೆಗೆ, ಒಳಮೈ ಹೆಣಕ್ಕೆ.
ನಲವತ್ತು ಎಣಿಸುವಷ್ಟರಲ್ಲಿ ಮಗುಚಿ ಉಡಿಸಬೇಕು.
ಬೆರಳಾಡಿಸಿ ನೋಡು, ಹೊಲಿಗೆ ಎರಡಿಲ್ಲ.

ಪ್ರೇಮ ಅಂತ ಬರೆಯಲೇ, ಅಂತೀಯ.
ಬರೆದೀಯೆ, ಆಮೇಲೆ ಪಕ್ಕದ ಪೆಟ್ಟಿಗೆಗೆ ಹಸಿವು ಅಂತಲೂ,
ಅದರಾಚೆಯದಕ್ಕೆ ನೆಗಡಿ ಅಂತಲೂ ಬರೆಯಬೇಕಾದೀತು.

ಇನ್ನೊಂದು ಹೇಳುತ್ತೇನೆ, ಪಟ್ಟಿಗೆ ಸೇರಿಸಬೇಡ.
ಬೋನಿಫಾತ್ಸಿ ಹನಿ ಮುಟ್ಟಿದವನಲ್ಲ.
ಆಟ ಮುಗಿದ ಮೇಲೆ ಪ್ರತಿ ರಾತ್ರಿ ಬ್ಯಾಟರಿ ಹಿಡಿದು
ನನ್ನನ್ನು ಸೇತುವೆ ದಾಟಿಸಿ ವಾಪಸು ಹೋಗುತ್ತಿದ್ದ.
ಮೂವತ್ತನಾಲ್ಕು ವರ್ಷ, ಬೆಳಕು ಒಮ್ಮೆಯೂ ಕೈಕೊಡಲಿಲ್ಲ.
ಯಾರೂ ಮುಳುಗಲಿಲ್ಲ. ಯಾರೂ ಏನೂ ಅನ್ನಲಿಲ್ಲ.
ಅದಕ್ಕೆ ನಿನ್ನ ಹತ್ತಿರ ಬಣ್ಣವಿದೆಯೇ?
ಬೂದಿಯೋ? ಇರಲಿ ಬಿಡು.

ಕತ್ತಲಾಯಿತು. ಲಂಗಕ್ಕೆ ಕೆಂಪೇ ಅಂಟಿಸು,
ಉಪ್ಪಿನವನ ಟೋಪಿಗೂ, ಗಂಟೆಯವನ ತೊಗಲಂಗಿಗೂ.
ಹುಟ್ಟಿಗೆ ಮಾತ್ರ ಯಾವ ಚೀಟಿಯೂ ಬೇಡ.
ಅದನ್ನು ಇತ್ತ ಕೊಡು.