ಮಜ್ಜಿಗೆ ಕುಡಿದ ಹುಲಿ

ಏಪ್ರಿಲ್ಲಿನ ಮೂರೂವರೆಗೆ ಸಾಲಗಾಮೆ ರಸ್ತೆಯ ಟಾರು
ಚಪ್ಪಲಿಯನ್ನು ಹಿಡಿದು ಹಿಡಿದು ಬಿಡುತ್ತಿತ್ತು.
ಮೂವರನ್ನೂ ಒಂದೇ ಆಟೋಗೆ ತುಂಬಿದೆ:
ನನ್ನ ಚಾರ್ವಿ, ಹಿಂದಿನ ಮನೆಯ ಅಫ್ನಾನ್,
ಅಣ್ಣನ ಮಗ ಹೊಯ್ಸಳ. ನಾಲ್ಕು ತುಂಬಿ ಎರಡು ತಿಂಗಳು,
ಮನೆಯಲ್ಲಿ ಬರೀ ಗುಂಡ.

"ನಾಟಕ ಅಂದ್ರೆ ಸಿನಿಮಾನಾ?"
ಅಲ್ಲ, ನಿಜವಾದ ಜನ ಬರ್ತಾರೆ.
"ಟಿವೀಲೂ ನಿಜವಾದ ಜನಾನೇ ಬರೋದು."
ಅವರಿಗೆ ನೀನು ಕಾಣಲ್ಲ. ಇವರಿಗೆ ಕಾಣ್ತೀಯ.
ಅಫ್ನಾನ್ ತಕ್ಷಣ ಕೂದಲು ನೀವಿಕೊಂಡ.

ಕಲಾಕ್ಷೇತ್ರದ ಬಾಗಿಲಲ್ಲಿ ಟಿಕೆಟ್ಟು ಹರಿದು
ಅಂಗೈಗೊಂದು ನೇರಳೆ ನವಿಲು ಒತ್ತಿದರು.
ಮಡಚುವ ಕುರ್ಚಿ ಗುಂಡನನ್ನು ಎರಡು ಸಲ ನುಂಗಿತು.
ಹಗುರ ಮಕ್ಕಳು ಬರುತ್ತಾರೆಂದು ಆ ಕುರ್ಚಿಗೆ ಯಾರೂ ಹೇಳಿರಲಿಲ್ಲ.
ನನ್ನ ಬ್ಯಾಗು, ನೀರಿನ ಬಾಟಲಿ, ಮೇಲೆ ನನ್ನದೊಂದು ಕೈ,
ಅಷ್ಟೂ ಭಾರ ಸೇರಿ
ಅವನೂ ಒಬ್ಬ ಪ್ರೇಕ್ಷಕನಾದ.

ಆಮೇಲೆ ದೀಪ ಆರಿತು.
ಕರೆಂಟ್ ಹೋಯ್ತು! ಎಂದಿತು ಒಂದು ಸಾಲು.
ಶ್, ಎಂದಿತು ಇನ್ನೊಂದು.
ಕತ್ತಲೆಯೂ ಎಲ್ಲರೂ ಕೂತು ಕಾಯುವಂಥದ್ದು ಎಂದು
ಆಗಷ್ಟೇ ತಿಳಿದವಳ ಹಾಗೆ
ಚಾರ್ವಿ ನನ್ನ ಬೆರಳು ಬಿಟ್ಟಳು.

ಉಪ್ಪು ಮಾರುವ ಹುಲಿಯ ಕಥೆ.
ಮೂಟೆ ಹೊತ್ತು ಸಂತೆಗೆ ಹೊರಟ ಹುಲಿ
ಒಂದೇ ಒಂದು ಸಲ ಗುಡುಗಿತು, ಅಷ್ಟೆ.
ಹುಲಿಯ ಹೊಯ್ದವನ ಹೆಸರು ಹೊತ್ತವನು,
ಬೇಲೂರ ಬಾಗಿಲಲ್ಲಿ ಕಲ್ಲಾಗಿಯೂ ಇನ್ನೂ
ಹೊಯ್ಯುತ್ತಲೇ ಇರುವವನ ಹೆಸರು ಹೊತ್ತವನು,
ನನ್ನ ವೇಲಿನೊಳಗೆ ಮುಖ ಹೂತು
ಹಿಂದಿನ ಸಾಲಿಗೂ ಕೇಳುವಂತೆ ಅತ್ತ.

"ಹೋಗಮ್ಮ ನೀನು, ಇವೆರಡನ್ನ ನಾನ್ ನೋಡ್ಕತೀನಿ,"
ಪಕ್ಕದ ಕುರ್ಚಿಯ ಅಜ್ಜಿ,
ವೇದಿಕೆಯಿಂದ ಕಣ್ಣು ಕೀಳದೆ.

ಹೊರಗೆ ಪಕ್ಕದ ಮೆಟ್ಟಿಲು, ಹೊಂಗೆಯ ನೆರಳು,
ಬಿಕ್ಕಳಿಕೆ.
ಕಬ್ಬಿಣದ ಬಾಗಿಲು ಕಿರ್ರೆಂದಿತು.
ಬಂದದ್ದು ಹುಲಿ.

ಇವನು ಬಾಯಿ ತೆರೆಯುವ ಮೊದಲೇ
ಅದು ತನ್ನ ತಲೆ ಕಿತ್ತು ಮೆಟ್ಟಿಲ ಮೇಲಿಟ್ಟಿತು.
ಒಳಗಿದ್ದವಳಿಗೆ ಇಪ್ಪತ್ತಿರಬಹುದು,
ಕತ್ತಿಗೆ ಅಂಟಿದ ಜಡೆ, ಮೂಗಿನ ತುದಿಯಲ್ಲಿ ಬೆವರು.
"ಅಯ್ಯಪ್ಪ, ಬೆಂದ್ ಹೋದೆ."
ಮಜ್ಜಿಗೆ ಪ್ಯಾಕೆಟ್ಟಿನ ಮೂಲೆಯನ್ನು ಕಚ್ಚಿ ಹರಿದು
ಒಂದೇ ಉಸಿರಿಗೆ ಕುಡಿದಳು.
ಆಮೇಲೆ ಇವನ ಕಡೆ ತಿರುಗಿ:
"ಏ ಪುಟ್ಟ, ಈ ಬಾಲ ಉದುರ್ತಾ ಇದೆ. ಸ್ವಲ್ಪ ಹಿಡ್ಕೊ."

ಹಿಡಿದುಕೊಂಡ.
ಬಾಯಲ್ಲಿದ್ದ ಪಿನ್ನು ತೆಗೆದು ಚುಚ್ಚುತ್ತಾ ಕೇಳಿದಳು:
"ಹೆಸ್ರೇನು?"
"ಹೊಯ್ಸಳ."
ಹುಲಿ ಗೋಡೆ ಹಿಡಿದು ನಕ್ಕಿತು.
"ಇವತ್ತೊಂದಿನ ಹೊಡೀಬೇಡಪ್ಪ.
ಇನ್ನೂ ಎರಡು ಸೀನ್ ಇದೆ ನಂದು."

ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.
ಬಾಗಿಲು ಮುಚ್ಚಿತು. ತುಸು ಹೊತ್ತಿಗೆ ಒಳಗಿನಿಂದ
ಇನ್ನೂರು ಮಕ್ಕಳ ಒಂದೇ ಚೀರು.
ಗುಂಡ ಚೀರಲಿಲ್ಲ.
ಅಂಗೈ ಮೂಸಿ ನೋಡಿಕೊಂಡ:
ಗೋಂದು, ಬಣ್ಣ, ಹುಳಿ ಮಜ್ಜಿಗೆ.

ಒಳಗೆ ಹೋಗೋಣ್ವಾ?
"ಬೇಡ. ಇಲ್ಲೇ ಕೇಳೋಣ."

ಹಾಗಾಗಿ ಆ ನಾಟಕದ ಕೊನೆ ನನಗೆ ಇಂದಿಗೂ ಗೊತ್ತಿಲ್ಲ.
ಉಪ್ಪೆಲ್ಲ ಹೊಳೆಗೆ ಬಿತ್ತು ಎಂದ ಅಫ್ನಾನ್,
ಹುಲಿ ನನ್ನೊಬ್ಬನನ್ನೇ ನೋಡ್ತು, ಎರಡು ಸಲ.
ಹೊಳೆನೇ ಇರಲಿಲ್ಲ, ಅದು ನೀಲಿ ಸೀರೆ ಎಂದಳು ಚಾರ್ವಿ,
ಹುಲಿ ಮಾತ್ರ ನಿಜದ್ದು, ಬಾಲ ತಾನಾಗೇ ಅಲ್ಲಾಡ್ತಿತ್ತು.
ಬಿ.ಎಂ. ರಸ್ತೆಯವರೆಗೂ ಇವರಿಬ್ಬರ ಕೊನೆಗಳು
ಎಲ್ಲೂ ಕೂಡಲಿಲ್ಲ.

"ನೀನು ಅತ್ಕೊಂಡು ಹೋದೆ. ನಿಂಗೇನ್ ಗೊತ್ತು?"

ಗುಂಡ ಬಾಯಿ ತೆರೆದ.
ನನ್ನ ಮುಖ ನೋಡಿದ.
ಮುಷ್ಟಿಯೊಳಗೆ ಹಳದಿ ನಾರಿನ ಒಂದೆಳೆ.
ಸಿಗ್ನಲ್ಲು ಬೀಳುವಷ್ಟು ಹೊತ್ತು ಸುಮ್ಮನಿದ್ದು
"ನಿಜದ್ದೇ" ಎಂದ.