ಭರಣಿ ಒರೆಸಿದ ಅನ್ನ

ದುರ್ಗದಬೈಲಿನಿಂದ ಒಂದು ಓಣಿ ಒಳಗ
ಅಂಬಾಸಾ ಮೆಹರವಾಡೆ ಅಂಗಡಿ.
ಕೆಳಗಿನ ಕಪಾಟಿನಾಗ, ರಮ್ಮಿನ ಮಗ್ಗಲಕ್ಕ,
ಯಾವಾಗ ಹೋದರೂ ಸಿಗತೈತಿ ಇದು.
ಹೆಸರು ಬರಸೂದು ಬ್ಯಾಡ, ಯಾರ ವಶೀಲಿಯೂ ಬ್ಯಾಡ,
ಹಿಂದಿನ ಬಾಗಿಲಕ್ಕ ಬಾ ಅಂತ ಅಂವ ಕಣ್ಣು ಹೊಡಿಯೂದಿಲ್ಲ.
ಪುಗಸಟ್ಟೆ ಅಂತೇನಲ್ಲ ಮತ್ತ.
ಪೆನ್ಶನ್ ಆದ ವಾರ ಮೂವರು ಕೂಡಿದರ
ಒಬ್ಬೊಬ್ಬರಿಗೆ ಒಂದು ಜೋಡು ಚಪ್ಪಲಿ ರೊಕ್ಕ.
"ಹಳೇ ಚಪ್ಪಲಿಗೆ ಇನ್ನೊಂದು ಮಳಗಾಲ ಆಯುಷ್ಯ ಐತಿ ಬಿಡು"
ಅಂದ ದೇವಪುತ್ರ.

ಗಿರಿಯಪ್ಪನ ಅಳಿಯಂದು ಬ್ಯಾರೆ ಚಟ.
ಊರೂರು ತಿರುಗಿ, ವಿಮಾನ ಇಳಿದಲ್ಲೆಲ್ಲಾ ಹುಡುಕಿ
ಗಾಜಿನ ಕಪಾಟಿನಾಗ ಹದಿನಾರು ಬಾಟಲಿ ನಿಲ್ಲಿಸ್ಯಾನ,
ಕೆಳಗ ದೇವರಿಗೆ ಇಟ್ಟಂಗ ಸಣ್ಣ ದೀಪ.
ಒಂದರ ಬಿರಡಿಯೂ ಬಿಚ್ಚಿಲ್ಲ.
ನೋಡಿ ಬಂದ ದಿನ ಗಿರಿಯಪ್ಪಗ
ರಾತ್ರಿಯೆಲ್ಲಾ ನೀರಡಿಕಿ.

ನಾವು ಕೂಡೂದು ಖಾನಾವಳಿ ಮ್ಯಾಲಿನ ಮಾಳಿಗಿಯಾಗ,
ಸ್ಟೀಲಿನ ಲೋಟ, ಒಂದು ತಾಟು ಶೇಂಗಾ.
ಕೆಳಗ ಸಾವಜಿ ಮಸಾಲಿ ಹುರಿಯೂ ಘಾಟು;
ಅದು ಇಳಿಯೂ ತನಕ
ಮೂಗಿಗೆ ಬ್ಯಾರೆ ಯಾವ ಸುದ್ದಿಯೂ ಇಲ್ಲ.

ಕನ್ನಡಕ ಒರಿಸಿಕೊಂಡು ಬಾಟಲಿ ಮ್ಯಾಲಿನ ಚೀಟಿ ಓದಿದೆ.
ಬರ್ಬನ್ ಅಂದರ ಗೋವಿನಜೋಳದ್ದಂತ.
ನಮ್ಮ ರಾಣೆಬೆನ್ನೂರು ಕಡೆ
ರಸ್ತೆ ಮ್ಯಾಲ ಒಣಾ ಹಾಕತಾರಲ್ಲ, ಅದೇ.
ಹೊಸ ಓಕ್ ಪೀಪಾಯಿ, ಒಳಮೈ ಸುಟ್ಟದ್ದು,
ಅದರಾಗ ವರ್ಷಗಟ್ಟಲೆ ನಿದ್ದಿ;
ಕಡೀಕ, ಶೆರಿ ಅನ್ನೂ ದ್ರಾಕ್ಷಿ ಮದ್ಯ ತೀರಿಹೋದ
ಇನ್ನೊಂದು ಪೀಪಾಯಿಯೊಳಗ
ಆರು ತಿಂಗಳು ವಸ್ತಿ.

"ಖಾಲಿ ಆದದ್ದರಾಗ ಏನಿರತೈತಿ ಮಣ್ಣು?"
ದೇವಪುತ್ರ ಕೇಳಿದ.

ಮೂವತ್ತಾರು ವರ್ಷ ರೈಲ್ವೆ ವರ್ಕ್‌ಶಾಪಿನಾಗ
ಹಳೇ ಬೋಗಿ ಬಿಚ್ಚಿದ ಕೈ ಇದು, ನನ್ನ ಕೇಳು.
ಸಾಗವಾನಿ ಹಲಗಿಗೆ ರಂದಾ ಹಚ್ಚಿದರ
ಮೊದಲ ಸಿಪ್ಪಿ ಬಣ್ಣ, ಎರಡನೇದು ವಾರ್ನಿಶ್,
ಮೂರನೇದಕ್ಕ ಬೀಡಿ, ಕಿತ್ತಳಿ ಸಿಪ್ಪಿ,
ಯಾರೋ ತಲಿ ಆನಿಸಿದ ಕೊಬ್ಬರಿ ಎಣ್ಣಿ.
ಗುಂತಕಲ್ಲಿಗೆ ಇಳಿದು ಹೋದವರೆಲ್ಲಾ
ಅಲ್ಲೇ ಕುಂತಿರತಿದ್ದರು.
ಕಟಗಿ ಖಾಲಿ ಆಗೂದಿಲ್ಲೋ ಮಾರಾಯ.

ಇಷ್ಟಕ್ಕೂ ತಿಳೀಲಿಲ್ಲ ಅಂದರ ಇದನ್ನ ಕೇಳು.
ಉಪ್ಪಿನಕಾಯಿ ತೀರಿದ ದಿನ ಅವ್ವ
ಭರಣಿಯೊಳಗ ಬಿಸಿ ಅನ್ನ ಸುರುವಿ
ಮೊಣಕೈ ತನಕ ಕೈ ಇಳಿಸಿ
ಸುತ್ತಲೂ ಒರಿಸಿ ಒರಿಸಿ ತಗೀತಿದ್ದಳು ತುತ್ತು.
ವರ್ಷವೆಲ್ಲಾ ತಿಂದ ಮಾವಿನ ಹೋಳಿಗೆ ಜಗಳಿಲ್ಲ,
ಈ ಒರೆಸಿದ ಅನ್ನಕ್ಕ ಐದು ಮಂದಿ ಹೊಡದಾಟ.
ಎಲ್ಲಾರಕಿಂತ ಸಣ್ಣವ ನಾನು.
ನನ್ನ ಪಾಳಿ ಬರೂದರಾಗ ಅನ್ನ ತೀರಿ
ಆಕಿ ಬೆರಳಷ್ಟೇ ಇರತಿದ್ದವು.

ದೇವಪುತ್ರ ಏನೂ ಅನ್ನಲಿಲ್ಲ.
ಲೋಟ ಮೂಗಿನ ತನಕ ಒಯ್ದ, ಇಳಿಸಿದ,
ಮತ್ತ ಒಯ್ದ.

ಸುಟ್ಟ ಬೆಲ್ಲ, ಅಂದ ಗಿರಿಯಪ್ಪ.
ನನಗ ಹೊಸ ಕಟಗಿ ಹೊಟ್ಟಿನ ವಾಸನಿ.
ನುಂಗಿದ ಮ್ಯಾಲ ಮಾತ್ರ ಇನ್ನೊಂದು ಏನೋ,
ಕರೀದು, ಸಿಹಿ, ಹಲ್ಲಿಗೆ ಅಂಟೂವಂಥಾದ್ದು,
ಗುರುತು ಐತಿ, ಹೆಸರು ಬರವೊಲ್ಲದು.
ದ್ರಾಕ್ಷಿ? ಅಲ್ಲ. ಅಂಜೂರ? ಹತ್ತರ ಐತಿ, ಅಲ್ಲ.
ಕೆಳಗ ತಾಟು ತೊಳಿಯೂ ಸಪ್ಪಳ ನಿಂತಿತು,
ಷಟರು ಅರ್ಧ ಎಳೆದರು,
ನಾವಿನ್ನೂ ಹುಡುಕತಿದ್ದಿವಿ.
ಹಂಗ ಹುಡುಕೋತ ಅದೂ ತೀರಿತು.

ಮುಂಜಾನೆ ನೀಲವ್ವ
ನನ್ನ ಚೀಲದಾಗಿನ ಖಾಲಿ ಬಾಟಲಿ ತಗದು
ಬಾಯಿಗೆ ಮೂಗು ಹಚ್ಚಿದಳು.
ಬೈಸಿಕೊಳ್ಳಲಿಕ್ಕೆ ತಯಾರಾಗಿ ಕುಂತಿದ್ದೆ,
ಚಾದ ಬಶಿ ಎರಡೂ ಕೈಲೆ ಹಿಡಕೊಂಡು.

"ಉತ್ತತ್ತಿ," ಅಂದಳು.
"ಬಾಣಂತಿಗೆ ಕುಟ್ಟತೀವಲ್ಲ, ಆ ಉತ್ತತ್ತಿ."

ತೊಳೀದನ ಹಂಗ ಕಿಡಿಕ್ಯಾಗ ಇಟ್ಟಳು.
ನಾನು ಉಂಗುಟ ಹರಿದ ಚಪ್ಪಲಿ ಎಳಕೋತ
ದೇವಪುತ್ರನ ಮನಿ ಕಡೆ ಹೊಂಟೆ.
ಫೋನಿನಾಗ ಹೇಳೂ ಮಾತಲ್ಲ ಅದು.