ಹನ್ನೊಂದು ಗ್ರಾಂ

ಹ್ಯಾಂಡಲ್ ತುದಿಗೆ ಈ ಎರಡು ಕಂಚಿನ ಗುಂಡು ಕೂತು ಮೂರು ವರ್ಷ.
ಒಂದೊಂದು ಇನ್ನೂರ ಹತ್ತು ಗ್ರಾಂ,
ತೂಗಿದ್ದು ಕೋಡಿಬಾಗದ ಬಂಗಾರದಂಗಡಿಯಲ್ಲಿ.
ಕಂಚು ಯಾವುದೋ ಟ್ರಾಲರ್ ಬೋಟಿನ ಫ್ಯಾನಿನದು.
ಯಾವ ಬೋಟು ಅಂದರೆ ಇನಾಸ ಮೇಸ್ತ್ರಿ
ಬೀಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ದಾಟಿಸಿ
“ಮುಳುಗಿದ್ದಲ್ಲ” ಅಂದ. ಅಷ್ಟೇ.

ಅದಕ್ಕೂ ಮೊದಲು, ಅರವತ್ತು ದಾಟಿದರೆ
ಹ್ಯಾಂಡಲ್ಲಿನೊಳಗೆ ಕಣಜ ಗೂಡು ಕಟ್ಟಿದ ಹಾಗೆ.
ಕದ್ರಾದಿಂದ ಕಾರವಾರ, ಬೆನ್ನ ಹಿಂದೆ ಐಸಿನ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿದ ಬೇರೆಯವರ ರಕ್ತ.
ಲ್ಯಾಬಿನ ಬಾಗಿಲಲ್ಲಿ ಸಹಿ ಹಾಕಲು ಹೋದರೆ
ಪೆನ್ನು ಬೆರಳಲ್ಲಿದೆಯೋ ಇಲ್ಲವೋ
ಕಣ್ಣಿಂದ ನೋಡಿಯೇ ತಿಳಿಯಬೇಕಿತ್ತು.
ತೂಕ ಕೂರಿಸಿದ ಮೇಲೆ ಕಣಜ ಎದ್ದು ಹೋಯಿತು.
ಸಹಿ ಸಹಿಯಂತಾಯಿತು.

ಗಾರ್ಡು ಬೇಕಾದದ್ದು ಈ ಜುಲೈಯಲ್ಲಿ.
ಮಲ್ಲಾಪುರ ದಾಟಿದ ತಿರುವಿನಲ್ಲಿ ರಸ್ತೆಗೆ ಬಾಗಿದ ಬಿದಿರು
ನನ್ನ ಎಡಗೈ ಗೆಣ್ಣುಗಳ ಮೇಲೆ ಛಡಿ ಬೀಸಿತು,
ಒಂದನೇ ಇಯತ್ತೆಯ ಮಾಸ್ತರರಷ್ಟೇ ನಿಷ್ಠೆಯಿಂದ.
ಕ್ಲಚ್ಚು ಕೈಬಿಟ್ಟು ಗಾಡಿ ಮುಗ್ಗರಿಸಿತು,
ಪೆಟ್ಟಿಗೆಯಲ್ಲೊಂದು ಟ್ಯೂಬು ಒಡೆಯಿತು.
ಯಾರೋ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಂಡರು
ನನ್ನ ಗೆಣ್ಣಿನ ದೆಸೆಯಿಂದ.

ಹುಬ್ಬಳ್ಳಿಯಿಂದ ತರಿಸಿದ ಡಬ್ಬಿಯಲ್ಲಿ
ಎರಡು ಅಲ್ಯೂಮಿನಿಯಂ ಕಮಾನು, ಕರಿ ಪ್ಲಾಸ್ಟಿಕ್ಕಿನ ಚಿಪ್ಪು, ಬೋಲ್ಟಿನ ಪೊಟ್ಟಣ,
ಮತ್ತೊಂದು ಚಿತ್ರ: ಮೊದಲು ತುದಿಯ ತೂಕ ತೆಗೆಯಿರಿ.
ಅಲ್ಲೇ ಬಂತು ತಕರಾರು.
ಇರುವ ಒಂದೇ ತೂತು ಇಬ್ಬರಿಗೂ ಬೇಕು.
ನಾನೇ ತೆಗೆದೆ. ಗಾರ್ಡು ಕೂರಿಸಿದೆ. ಚಂದ ಕಂಡಿತು.
ಕೆರವಡಿಯವರೆಗೆ ಹೋಗಿ ಬಂದೆ:
ಐವತ್ತೆಂಟಕ್ಕೇ ಕಣಜ ವಾಪಸು,
ಕನ್ನಡಿಯಲ್ಲಿ ಹಿಂದಿನ ಲಾರಿಯ ದೀಪ
ಒಂದಿದ್ದದ್ದು ಐದಾಗಿ ನಡುಗುತ್ತಿತ್ತು.

ಇನಾಸ ಗಾಡಿ ನೋಡಲಿಲ್ಲ. “ಕೈ ತೋರಿಸು, ತಾರಾಬಾಯಿ.”
ಬೆರಳು ಒಂದೊಂದೇ ಮಡಚಿ ಬಿಡಿಸಿ,
“ಕಿರುಬೆರಳಿಗೂ ಬರುತ್ತಾ ಜೋಮು?
ನನಗೆ ನಲವತ್ತು ವರ್ಷದ ಹಿಂದೆ ಬಂತು. ಇನ್ನೂ ಹೋಗಿಲ್ಲ”
ಅಂತ, ನಾಳೆ ಗಾಳಿ ಯಾವ ಕಡೆಯದೆಂದು ಹೇಳುವವನ ಹಾಗೆ ಹೇಳಿ
ಲೇತಿನ ಗುಂಡಿ ಒತ್ತಿದ.

ಕಂಚಿನ ಮುಖದಲ್ಲಿ ಮೂರು ಮಿಲಿಮೀಟರ್ ಆಳಕ್ಕೊಂದು ಮೆಟ್ಟಿಲು;
ಗಾರ್ಡಿನ ಕಿವಿ ಅದರಲ್ಲಿ ಕೂರಬೇಕು.
ಬೋಲ್ಟು ಉದ್ದದ್ದೇ ಬೇಕು, ಸ್ಟೀಲಿನದು, ಬೈತಖೋಲದಲ್ಲಿ ಸಿಗುತ್ತದೆ.
ಈ ಉಪ್ಪುಗಾಳಿಗೆ ಗ್ರೀಸು ಮೆತ್ತದಿದ್ದರೆ
ಅಲ್ಯೂಮಿನಿಯಂ ಸ್ಟೀಲನ್ನು ಹಿಡಿದು ಬಿಡುವುದಿಲ್ಲ,
ಪಾಲಾಗದ ಗದ್ದೆ ಹಿಡಿದ ದಾಯಾದಿಯ ಹಾಗೆ.
ಬರೆದುಕೋ ಅಂದ. ಕೈಮೇಲೆ ಬರೆದುಕೊಂಡೆ.

ಪೆಟ್ಟು ಬಿದ್ದದ್ದು ಎಡಕ್ಕೆ, ಎಡಕ್ಕಷ್ಟೇ ಸಾಕಲ್ಲ, ಅಂದೆ.
ಲೇತು ನಿಲ್ಲಿಸಿದ.
“ಒಂದು ಬದಿ ಕಡಿಮೆ ಮಾಡಿ ಇನ್ನೊಂದು ಹಾಗೇ ಬಿಟ್ಟರೆ...”
ಮುಗಿಸದೆ, ಬಲಗಡೆಯ ಗುಂಡಿಗೆ ಕೈ ಚಾಚಿದ.
ಕಂಚು ಉದುರಿತು ಜೀರಿಗೆಯ ಹಾಗೆ, ಬಿಸಿ ಬಿಸಿ,
ಅವನ ಅಂಗೈಗೆ ಗೊತ್ತಾಗಲಿಲ್ಲ.

ಬಿಗಿದ ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ.
ಬ್ರೇಕಿನ ಪೈಪಿಗೂ ಕಮಾನಿಗೂ ನೂಲಿನಷ್ಟು ಅಂತರ.
ಕ್ಲಚ್ಚು ಹಿಡಿ. ಹಿಡಿದೆ. ತಗಲಿತು.
ಬಿಚ್ಚಿದ. ಮತ್ತೆ. ಮತ್ತೊಮ್ಮೆ.
ಬೋಲ್ಟು ಸಡಿಲಾಗದ ಹಾಗೆ ಹಚ್ಚುವ ಅಂಟು ಖಾಲಿ;
“ಚೀಲದಲ್ಲಿ ಉಗುರಿನ ಬಣ್ಣ ಇಲ್ಲವಾ?”
ಇತ್ತು, ನೇರಳೆ.
ಗ್ರೀಸಿನ ಜಾಗ ಬಿಟ್ಟು ಆಟೆಗೆ ಮಾತ್ರ ಬಳಿದ,
ನಾಲಗೆ ಕಚ್ಚಿಕೊಂಡು, ಮೊಮ್ಮಗಳ ಕೈಗೆ ಬಳಿಯುವವನಂತೆ.

ಇನ್ನೂರು ರೂಪಾಯಿ. ಆಮೇಲೆ
ಉದುರಿದ್ದನ್ನೆಲ್ಲ ಬ್ರಶ್ಶಿನಿಂದ ಗುಡಿಸಿ
ಕ್ಯಾಲೆಂಡರಿನ ಹಳೇ ತಿಂಗಳಲ್ಲಿ ಕಟ್ಟಿಕೊಟ್ಟ:
“ಒಂದೊಂದರಿಂದ ಹನ್ನೊಂದು ಗ್ರಾಂ ತೆಗೆದಿದ್ದೇನೆ. ನಿಂದು. ಲೆಕ್ಕ ಇರಲಿ.”
ಜರ್ಕಿನ್ ಜೇಬಿನಲ್ಲಿದೆ ಇನ್ನೂ,
ಏನು ಮಾಡುವುದೋ ತಿಳಿಯದೆ.

ಮರುದಿನ ಅರವತ್ತು, ಅರವತ್ತೈದು.
ಕನ್ನಡಿಯಲ್ಲಿ ಲಾರಿಯ ದೀಪ ಒಂದೇ.
ಆ ತಿರುವಿನಲ್ಲಿ ಬಿದಿರು ತನ್ನ ಕೆಲಸ ಮಾಡಿತು,
ಟಪ್ಪೆಂದು, ಪ್ಲಾಸ್ಟಿಕ್ಕಿನ ಮೇಲೆ.
ನನಗೇನೂ ಆಗಲಿಲ್ಲ. ಆದರೆ ಚಿಪ್ಪಿನೊಳಗೆ
ನಾಲ್ಕೂ ಬೆರಳು ಏಟಿಗೆ ಮೊದಲೇ ಮುದುಡಿದ್ದವು.
ಅವಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.